ದೇವರಾಜ ಮಾರ್ಕೆಟ್ ಮುಚ್ಚಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ

ಮೈಸೂರಿಗೆ ಹೋಗುವವರು, ಅದರಲ್ಲೂ ವಯಸ್ಸಾದವರನ್ನು ಅಥವಾ ಹೊರ ರಾಜ್ಯದಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾರ್ಕೆಟ್ ಪಕ್ಕದ ಚಿಕ್ಕ ಗಡಿಯಾರ ಗೋಪುರದ ಹತ್ತಿರವೋ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲೋ ಒಬ್ಬ ನಗುನಗುತ್ತಾ ಬಂದು 'ಮಾರ್ಕೆಟ್ ಇವತ್ತು ಬಂದ್, ಸಂಜೆ ತೆರೀತಾರೆ, ಅಲ್ಲೀವರೆಗೂ ಊದುಬತ್ತಿ ಮಾಡೋದು ನೋಡ್ಕೊಂಡು ಬನ್ನಿ' ಅಂದರೆ, ಅವನಿಗೆ ಉತ್ತರ ಕೊಡದೆ ನೇರ ಮಾರ್ಕೆಟ್ ಒಳಗೆ ನಡೆಯಿರಿ. ಬಾಗಿಲು ಹಾಕಿದೆಯೋ ಇಲ್ಲವೋ ಅಂತ ನಿಮ್ಮ ಕಣ್ಣಲ್ಲೇ ನೋಡಿ. ನಮ್ಮ ಚಿಕ್ಕಮ್ಮನಿಗೆ ಈ ಒಂದು ಮಾತಿನಿಂದ 5,400 ರೂಪಾಯಿ ಹೋಯಿತು.

ನಾವು ಹಾಸನದವರು. ಚಿಕ್ಕಮ್ಮ ಮದುವೆಯಾದಾಗಿನಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದಾರೆ. ಅವರ ಮಗಳು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ, ಹಾಗಾಗಿ ತಾಯಿ ಮಗಳು ರಸ್ತೆಯಲ್ಲಿ ಮಾತಾಡಿಕೊಳ್ಳುವುದು ಹೆಚ್ಚಾಗಿ ಹಿಂದಿಯಲ್ಲಿ. ಅವತ್ತು ಅರಮನೆ ನೋಡಿ ಆಯಿತು, ಚಿಕ್ಕಮ್ಮನಿಗೆ ಮೈಸೂರು ಮಲ್ಲಿಗೆ ಮುಡಿಯಬೇಕು, ವೀಳ್ಯದೆಲೆ ಮನೆಗೆ ತಗೊಂಡು ಹೋಗಬೇಕು, ನಂಜನಗೂಡು ರಸಬಾಳೆ ಸಿಕ್ಕರೆ ಇನ್ನೂ ಖುಷಿ ಅಂತ ಬೆಳಗ್ಗೆಯಿಂದ ಹೇಳ್ತಾನೇ ಇದ್ದರು. ಅವರಿಬ್ಬರನ್ನು ಚಿಕ್ಕ ಗಡಿಯಾರದ ಹತ್ತಿರ ಇಳಿಸಿ ನಾನು ಕಾರು ನಿಲ್ಲಿಸೋಕೆ ಜಾಗ ಹುಡುಕಿಕೊಂಡು ಹೋದೆ. ಆ ಕಡೆ ಪಾರ್ಕಿಂಗ್ ಸಿಗುವುದು ಎಷ್ಟು ಕಷ್ಟ ಅಂತ ಮೈಸೂರಿನವರಿಗೆ ಗೊತ್ತು. ಅಷ್ಟರಲ್ಲೇ ಇದೆಲ್ಲ ನಡೆದಿದೆ.

ಒಬ್ಬ ಮನುಷ್ಯ ಹಿಂದಿಯಲ್ಲೇ 'ಮಾಜಿ, ಎಲ್ಲಿಂದ ಬಂದಿದ್ದೀರಿ' ಅಂತ ಶುರು ಮಾಡಿದ್ದಾನೆ. ಒಳ್ಳೆಯ ಬಟ್ಟೆ, ಮರ್ಯಾದೆಯ ಮಾತು. ತಾನು ಏನೂ ಮಾರುವವನಲ್ಲ, ಇಲ್ಲೇ ಕೆಲಸ ಮಾಡ್ತೀನಿ ಅಂತ ಮೊದಲೇ ಹೇಳಿದನಂತೆ. ಆಮೇಲೆ ಅವನು ಹೇಳಿದ್ದು, ಮಾರ್ಕೆಟ್ ಕಟ್ಟಡ ಕುಸಿದಿದೆ, ರಿಪೇರಿಗೆ ಅಂತ ಇವತ್ತು ಮುಚ್ಚಿದ್ದಾರೆ. ಇದನ್ನು ಯಾಕೆ ಒತ್ತಿ ಹೇಳ್ತಿದ್ದೀನಿ ಅಂದರೆ, ಈ ಸುಳ್ಳಿನೊಳಗೆ ಒಂದು ಚೂರು ನಿಜ ಇದೆ. 2016ರ ಆಗಸ್ಟ್ 28ರಂದು ಮಾರ್ಕೆಟ್‌ನ ಉತ್ತರ ಬಾಗಿಲಿನ ಕಡೆಯ ಭಾಗ ನಿಜವಾಗಿಯೂ ಕುಸಿದಿತ್ತು. ಅದಕ್ಕೂ ಮೊದಲು, 2012ರಲ್ಲಿ, ಎದುರಿಗಿರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ಜನ ಸತ್ತಿದ್ದರು. ಮಾರ್ಕೆಟ್ ಕೆಡವಬೇಕೋ ಹಾಗೇ ಉಳಿಸಿಕೊಳ್ಳಬೇಕೋ ಅನ್ನುವ ಜಗಳ ವರ್ಷಗಟ್ಟಲೆ ಪೇಪರಿನಲ್ಲಿ ಬಂದಿದೆ, ಕೋರ್ಟಿಗೂ ಹೋಗಿದೆ. ಯಾರಾದರೂ ಅನುಮಾನ ಬಂದು ಮೊಬೈಲಿನಲ್ಲಿ ಹುಡುಕಿದರೂ ಕುಸಿದು ಬಿದ್ದ ಗೋಡೆಯ ಫೋಟೋನೇ ಬರುತ್ತೆ. ಚಿಕ್ಕಮ್ಮನ ಮಗಳು, ಅಂದರೆ ನನ್ನ ತಂಗಿ, ಹಾಗೇ ಹುಡುಕಿದಳು, ಫೋಟೋ ನೋಡಿದಳು, ನಂಬಿದಳು. ಒಳಗೆ ನೂರಾರು ಅಂಗಡಿಗಳಲ್ಲಿ ಅವತ್ತೂ ಎಂದಿನಂತೆ ವ್ಯಾಪಾರ ನಡೀತಿತ್ತು. ಇವರಿಗೂ ಅದಕ್ಕೂ ನಡುವೆ ಇದ್ದದ್ದು ಒಂದು ಬಾಗಿಲು ಮಾತ್ರ.

ಊದುಬತ್ತಿ ಮಾಡೋದು ನೋಡೋಕೆ ಹೋಗಲು ಇಪ್ಪತ್ತೇ ರೂಪಾಯಿಗೆ ಆಟೋ ಬಂತು. ಅಲ್ಲೇ ಹಿಡಿಯಬೇಕಿತ್ತು ಅಲ್ವಾ, ಇಪ್ಪತ್ತು ರೂಪಾಯಿಗೆ ಯಾವ ಊರಲ್ಲಿ ಆಟೋ ಬರುತ್ತೆ? ಕಮ್ಮಿ ಬಿದ್ದ ದುಡ್ಡನ್ನು ಅಂಗಡಿಯವರು ಕಮಿಷನ್ ರೂಪದಲ್ಲಿ ತುಂಬಿಕೊಡುತ್ತಾರೆ. ಮೈಸೂರಿನ ಆಟೋದವರೆಲ್ಲ ಹೀಗೆ ಅಂತ ನಾನು ಖಂಡಿತ ಹೇಳ್ತಿಲ್ಲ. ವಾಪಸ್ ನಮಗೆ ದಾರಿ ತೋರಿಸಿದ್ದೂ, 'ಇದು ದಿನಾ ನಡೆಯೋ ಕಥೆ ಮೇಡಂ, ಹೊರಗಿನವರನ್ನ ನೋಡಿ ಹಿಡೀತಾರೆ' ಅಂತ ಹೇಳಿದ್ದೂ ಒಬ್ಬ ಆಟೋ ಡ್ರೈವರೇ.

ನಾನು ಫೋನ್ ಮಾಡಿದಾಗ ಅವರಿಬ್ಬರೂ ದೊಡ್ಡ ರಸ್ತೆ ಬಿಟ್ಟು ಗಲ್ಲಿಯೊಳಗಿನ ಒಂದು ಮನೆಯಂಥ ಅಂಗಡಿಯಲ್ಲಿದ್ದರು. ಹೊರಗೆ ಬೋರ್ಡಿಲ್ಲ. ಬಾಗಿಲಲ್ಲೇ ಒಬ್ಬ ಹೆಂಗಸು ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಾ ಕೂತಿದ್ದರು. ಕಪ್ಪು ಹಿಟ್ಟಿನ ಉಂಡೆಯಿಂದ ಒಂದು ಚೂರು ಕಿತ್ತು, ಬಿದಿರು ಕಡ್ಡಿಗೆ ಒತ್ತಿ, ಅಂಗೈಯಲ್ಲಿ ಒಂದೇ ಸಲ ಮುಂದಕ್ಕೆ ಉಜ್ಜಿ, ಮರದ ಪುಡಿಯಲ್ಲಿ ಹೊರಳಿಸಿ ಪಕ್ಕಕ್ಕೆ ಇಡುತ್ತಿದ್ದರು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಏಳೆಂಟು ಕಡ್ಡಿ ಆಗಿಹೋಗಿತ್ತು. ಕೆಲಸ ಅಸಲಿ, ಆ ಕೈಯ ಅಭ್ಯಾಸವೂ ಅಸಲಿ. ಅವರಿಗೆ ದಿನಕ್ಕೆ ಎಷ್ಟು ಕೊಡ್ತಾರೋ ಏನೋ. ಮೈಸೂರು ಊದುಬತ್ತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಮನೆಮನೆಯಲ್ಲಿ ಹೆಂಗಸರು ಕಡ್ಡಿ ಹೊಸೆದು ಬೆಳೆಸಿದ ಉದ್ಯಮ ಅದು. ಅಂಥ ಕೆಲಸವನ್ನು ಬಾಗಿಲಲ್ಲಿ ತೋರಿಸಿ ಒಳಗೆ ಮೋಸ ಮಾಡ್ತಾರಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ ಜಾಸ್ತಿ.

ಒಳಗಿನ ಕೋಣೆಯಲ್ಲಿ ಗೋಡೆ ತುಂಬ ಗಾಜಿನ ಬಾಟಲಿಗಳು. ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತಿದ್ದರು, ಎರಡೂ ಕೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಬೇರೆ ಬೇರೆ ಎಣ್ಣೆ ಸವರಿದ್ದರು, ಹಣೆಗೂ ಹಚ್ಚಿದ್ದರು. ಇದು ಶ್ರೀಗಂಧ, ಇದು ಮಲ್ಲಿಗೆ, ಇದು ಕಮಲ, ಇದು ತಲೆನೋವಿಗೆ, ಇದು ಮಂಡಿನೋವಿಗೆ, ಇದು ಸೊಳ್ಳೆಗೆ. ಚಹಾ ಬೇರೆ ಬಂದಿತ್ತು. ಚಹಾ ಕುಡಿದ ಮೇಲೆ ಏನೂ ತಗೊಳ್ಳದೆ ಎದ್ದು ಬರೋಕೆ ನಮ್ಮ ಹಿರಿಯರಿಗೆ ಮನಸ್ಸು ಬರಲ್ಲ. ಅಷ್ಟು ಹೊತ್ತಿಗೆ ದುಡ್ಡು ಕೊಟ್ಟೂ ಆಗಿತ್ತು. ಶ್ರೀಗಂಧದ ಎಣ್ಣೆ ಅಂತ 30 ಮಿಲಿಗೆ 1,800, ಮಲ್ಲಿಗೆಯದ್ದಕ್ಕೆ 1,500, ಕಮಲದ್ದಕ್ಕೆ 1,500, ನಾಲ್ಕು ಪ್ಯಾಕೆಟ್ ಊದುಬತ್ತಿಗೆ 600. ಯುಪಿಐನಲ್ಲಿ ಹೋದದ್ದು ಅಂಗಡಿಯ ಹೆಸರಿಗಲ್ಲ, ಯಾರೋ ಒಬ್ಬ ವ್ಯಕ್ತಿಯ ಖಾತೆಗೆ.

ಈಗ ಲೆಕ್ಕ ನೋಡಿ. ಅಸಲಿ ಶ್ರೀಗಂಧದ ಎಣ್ಣೆ ಕಿಲೋಗೆ ಒಂದು ಲಕ್ಷ ರೂಪಾಯಿಗಿಂತ ಎಷ್ಟೋ ಮೇಲೆ ಇದೆ. ಮರ ಬೆಳೆಯಲು ದಶಕಗಳು ಬೇಕು, ಎಣ್ಣೆ ಇರೋದು ತಿರುಳಿನಲ್ಲಿ ಮತ್ತು ಬೇರಿನಲ್ಲಿ, ಅದನ್ನು ಪುಡಿ ಮಾಡಿ ಆವಿಯಲ್ಲಿ ಗಂಟೆಗಟ್ಟಲೆ ಬಟ್ಟಿ ಇಳಿಸಬೇಕು. ಹಾಗಿದ್ದ ಮೇಲೆ 30 ಮಿಲಿ 1,800ಕ್ಕೆ ಹೇಗೆ ಕೊಡ್ತಾರೆ? ಕೊಡೋಕೆ ಸಾಧ್ಯವೇ ಇಲ್ಲ. ಇನ್ನು ಮಲ್ಲಿಗೆ. ಶ್ರೀಗಂಧದ ಹಾಗೆ ಮಲ್ಲಿಗೆ ಹೂವನ್ನು ಆವಿಯಲ್ಲಿ ಬೇಯಿಸಿದರೆ ಅದರ ವಾಸನೆಯೇ ಕೆಟ್ಟುಹೋಗುತ್ತೆ. ದ್ರಾವಕದಲ್ಲಿ ನೆನೆಸಿ ಸಾರ ತೆಗೆಯಬೇಕು, ಒಂದು ಕಿಲೋ ಹೂವಿಗೆ ಸಿಗುವುದು ಕೆಲವೇ ಗ್ರಾಂ. ಮಲ್ಲಿಗೆ ಒಂದು ಮೊಳಕ್ಕೆ ಎಷ್ಟು ಕೊಡ್ತೀವಿ ಅಂತ ನೆನಪಿಸಿಕೊಂಡರೆ ಸಾಕು, ಆ ಬಾಟಲಿಯಲ್ಲಿ ಏನಿರಬಹುದು ಅಂತ ಗೊತ್ತಾಗುತ್ತೆ. ಅಗ್ಗದ ಎಣ್ಣೆಗೆ ಸೆಂಟು ಬೆರೆಸಿದರೆ ಆ ರೇಟಿಗೆ ಭಾರೀ ಲಾಭ, ಅಸಲಿ ಆದರೆ ಆ ರೇಟಿಗೆ ಭಾರೀ ನಷ್ಟ.

ನಾನು ಬಾಟಲಿ ತಿರುಗಿಸಿ ನೋಡಿದೆ. ಬಿಳಿ ಚೀಟಿಯ ಮೇಲೆ ಪೆನ್ನಿನಲ್ಲಿ 'ಸ್ಯಾಂಡಲ್' ಅಂತ ಬರೆದಿತ್ತು, ಅಷ್ಟೇ. ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ, ಎಷ್ಟು ಮಿಲಿ ಅಂತಿಲ್ಲ, ತಿಂಗಳು ವರ್ಷ ಇಲ್ಲ, ಎಂಆರ್‌ಪಿ ಇಲ್ಲ. ಪ್ಯಾಕ್ ಮಾಡಿ ಮಾರುವ ವಸ್ತುವಿನ ಮೇಲೆ ಇವೆಲ್ಲ ಇರಲೇಬೇಕು ಅಂತ 2011ರ ಕಾನೂನು ಮಾಪನ ಪ್ಯಾಕೇಜ್ ನಿಯಮಗಳು ಹೇಳುತ್ತವೆ.

'ಇದು ಬೇಡ, ದುಡ್ಡು ವಾಪಸ್ ಕೊಡಿ' ಅಂತ ಕನ್ನಡದಲ್ಲಿ ಕೇಳಿದೆ. ಅಲ್ಲಿದ್ದವನ ಮುಖ ಬದಲಾಯಿತು. ಅಲ್ಲೀವರೆಗೂ ನಾನು ಮೈಸೂರು ಕಡೆಯವಳು ಅಂತ ಅವನಿಗೆ ಗೊತ್ತಿರಲಿಲ್ಲ. 'ಸೀಲ್ ಒಡೆದಾಗಿದೆ ಮೇಡಂ' ಅಂದ. ಸೀಲೇ ಇರಲಿಲ್ಲ. 'ಹಾಗಾದ್ರೆ ಬಿಲ್ ಕೊಡಿ' ಅಂದೆ. ಒಂದು ಪುಸ್ತಕದಿಂದ ಚೀಟಿ ಹರಿದು ಮೊತ್ತ ಮಾತ್ರ ಬರೆದು ಕೊಟ್ಟ, ಅಂಗಡಿಯ ಹೆಸರೂ ಇಲ್ಲ. ಬದಲಿಗೆ ಬೇರೆ ಎಣ್ಣೆ ತಗೊಳ್ಳಿ, ಇನ್ನೆರಡು ಪ್ಯಾಕೆಟ್ ಊದುಬತ್ತಿ ಫ್ರೀ ಕೊಡ್ತೀನಿ ಅಂತ ಚೌಕಾಸಿ ಶುರುವಾಯಿತು. ಅಷ್ಟರಲ್ಲಿ ಬೇರೆ ಇಬ್ಬರು ಬಂದು ಬಾಗಿಲ ಹತ್ತಿರ ಸುಮ್ನೆ ನಿಂತರು. ಬೈಯಲಿಲ್ಲ, ಮುಟ್ಟಲಿಲ್ಲ, ಆದರೂ ಚಿಕ್ಕಮ್ಮ ಹೆದರಿಬಿಟ್ಟರು. 'ಹೋಗ್ಲಿ ಬಿಡು ಪುಟ್ಟಿ, ಹೋಗೋಣ' ಅಂತ ನನ್ನ ಕೈ ಎಳೆದರು. ಅವರು ನಡುಗುತ್ತಿದ್ದದ್ದು ನೋಡಿ ನಾನು ಹೊರಟೆ. ಸಂಜೆ ಹೊತ್ತಿಗೆ ಅವರ ಹಣೆ ಕೆಂಪಗಾಗಿ ಉರಿಯೋಕೆ ಶುರುವಾಗಿತ್ತು. ಗೊತ್ತಿಲ್ಲದ ಎಣ್ಣೆಯನ್ನು ಮೈಗೆ, ಅದರಲ್ಲೂ ಕಣ್ಣಿನ ಹತ್ತಿರ, ಯಾರಿಂದಲೂ ಹಚ್ಚಿಸಿಕೊಳ್ಳಬೇಡಿ.

ನಿಮಗೆ ಶ್ರೀಗಂಧದ ಎಣ್ಣೆಯೇ ಬೇಕಿದ್ದರೆ ಸರ್ಕಾರದ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್‌ನವರು ಸೀಲ್ ಮಾಡಿ ಮಾರುತ್ತಾರೆ, ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತೆ, ಆದರೆ ಅದೇ ನಿಜವಾದ ಬೆಲೆ. ಸಯ್ಯಾಜಿರಾವ್ ರಸ್ತೆಯಲ್ಲೇ ಸರ್ಕಾರದ ಕಾವೇರಿ ಎಂಪೋರಿಯಂ ಇದೆ. ಆಟೋದವರು 'ಸರ್ಕಾರಿ ಎಂಪೋರಿಯಂ' ಅಂತ ಬೇರೆ ಎಲ್ಲಿಗೋ ಕರೆದುಕೊಂಡು ಹೋದರೆ ಬೋರ್ಡ್ ಓದಿ ನೋಡಿ, ಹೆಸರು ಹತ್ತಿರ ಹತ್ತಿರ ಇಟ್ಟುಕೊಂಡ ಖಾಸಗಿ ಅಂಗಡಿಗಳು ಇರುತ್ತವೆ.

ಇಂಥದ್ದು ಆದರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ, ಹೊರಗೆ ಬಂದು ಕೆಲಸ ಮಾಡಿ. ಹೆದರಿಕೆ ಆದರೆ 112ಕ್ಕೆ ಫೋನ್ ಮಾಡಿ. ಯುಪಿಐ ಸ್ಕ್ರೀನ್‌ಶಾಟ್, ಬಾಟಲಿಯ ನಾಲ್ಕೂ ಕಡೆಯ ಫೋಟೋ, ಚೀಟಿ, ಬಾಗಿಲಿನ ಫೋಟೋ, ಮ್ಯಾಪಿನಲ್ಲಿ ಆ ಜಾಗದ ಗುರುತು ಇಷ್ಟನ್ನು ಇಟ್ಟುಕೊಳ್ಳಿ. ಬಾಟಲಿಯನ್ನು ಸಿಟ್ಟಿನಲ್ಲಿ ಎಸೆಯಬೇಡಿ, ಅದೇ ಸಾಕ್ಷಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಸರಿಯಾದ ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೂ 5 ಲಕ್ಷದವರೆಗಿನ ವಸ್ತುವಿಗೆ ಅರ್ಜಿ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ನೀವು ಈಗಿರುವ ಊರಿನಿಂದಲೇ ಹಾಕಬಹುದು, ಅದಕ್ಕೋಸ್ಕರ ಮತ್ತೆ ಮೈಸೂರಿಗೆ ಬರಬೇಕಿಲ್ಲ. 'ಇಷ್ಟು ದೂರದಿಂದ ಬಂದವರು ಕೇಸು ಹಾಕಲ್ಲ' ಅನ್ನುವ ಧೈರ್ಯದ ಮೇಲೆಯೇ ಇವರ ವ್ಯಾಪಾರ ನಡೀತಿರೋದು.

ಮಾರ್ಕೆಟ್‌ಗೆ ಹೋಗಬೇಡಿ ಅಂತ ಮಾತ್ರ ಯಾರೂ ಇದನ್ನು ಓದಿಕೊಳ್ಳಬೇಡಿ. ನಾವು ಅವತ್ತು ಕೊನೆಗೆ ಒಳಗೆ ಹೋದೆವು. ಹೂವಿನ ಸಾಲಿನಲ್ಲಿ ಒಬ್ಬ ಅಜ್ಜಿ ಚಿಕ್ಕಮ್ಮನಿಗೆ ಎರಡು ಮೊಳ ಅಳೆದು, ಮೇಲೆ ಒಂದು ಗೇಣು ಬಿಟ್ಟು ಕತ್ತರಿಸಿ ಕೊಟ್ಟರು. ಎಲೆ ಅಂಗಡಿಯವರು ಕಟ್ಟು ಬಿಚ್ಚಿ, ಒಳಗೆ ಕೊಳೆತ ಎಲೆ ಇಲ್ಲ ಅಂತ ತೋರಿಸಿ, ಊರಿಗೆ ಹೋಗೋವರೆಗೂ ಬಾಡದ ಹಾಗೆ ಬಾಳೆಎಲೆಯಲ್ಲಿ ಸುತ್ತಿಕೊಟ್ಟರು. ಕಟ್ಟಡದ ಗತಿ ಏನಾಗುತ್ತೋ ಅನ್ನುವ ಚಿಂತೆಯಲ್ಲೇ ವರ್ಷಗಳಿಂದ ಅಂಗಡಿ ನಡೆಸುತ್ತಿರುವ ಜನ ಇವರು. 'ಮಾರ್ಕೆಟ್ ಬಂದ್' ಅಂತ ಹೊರಗೆ ಒಬ್ಬ ಹೇಳಿದ ಪ್ರತಿ ಸಲವೂ ಇವರ ಒಬ್ಬ ಗಿರಾಕಿ ಕಮ್ಮಿ ಆಗ್ತಾನೆ. ಚಿಕ್ಕಮ್ಮನ 5,400 ರೂಪಾಯಿಯಲ್ಲಿ ಅರ್ಧವಾದರೂ ಆ ಸಾಲುಗಳಲ್ಲೇ ಖರ್ಚಾಗ್ತಿತ್ತು.

1915 ಸಹಾಯವಾಣಿಯಲ್ಲಿ ನಮ್ಮ ದೂರು ದಾಖಲಾಗಿದೆ, ದುಡ್ಡು ಇನ್ನೂ ಬಂದಿಲ್ಲ. ನಿಮ್ಮವರಿಗೂ ಅಲ್ಲಿ ಹೀಗೇ ಆಗಿದ್ದರೆ, ಮೊತ್ತ ಚಿಕ್ಕದು ಅಂತ ಬಿಡದೆ ನೀವೂ ಒಂದು ದೂರು ಹಾಕಿ. ಒಂದೇ ಖಾತೆಯ ಮೇಲೆ ನಾಲ್ಕಾರು ಜನರ ಸ್ಕ್ರೀನ್‌ಶಾಟ್ ಸೇರಿದರೆ ಆಗ ಪೊಲೀಸರ ಮುಂದೆ ಇಡೋಕೂ ಗಟ್ಟಿಯಾದ ಆಧಾರ ಸಿಗುತ್ತೆ.