ಬೆನ್ನಿನ ನವೆಗೆ ಕೈರೋಪ್ರಾಕ್ಟಿಕ್: ಹನ್ನೊಂದು ತಿಂಗಳು ಹೋಗಿ ನೋಡಿದೆ

ಎಡಗಡೆ ರೆಕ್ಕೆ ಮೂಳೆಯ ಒಳಗಿನ ಅಂಚು, ಕೈ ಮೇಲಿಂದ ಹಾಕಿದ್ರೂ ಎಟುಕಲ್ಲ ಕೆಳಗಿಂದ ಹಾಕಿದ್ರೂ ಎಟುಕಲ್ಲ, ಸರಿಯಾಗಿ ಅಲ್ಲೇ ನಾಲ್ಕು ವರ್ಷದಿಂದ ನವೆ. ಮರದ ಸ್ಕೇಲು, ಬಾಚಣಿಗೆ, ಬಾಗಿಲ ಚೌಕಟ್ಟು ಯಾವುದನ್ನೂ ಬಿಟ್ಟಿಲ್ಲ. ಕೆರೆದೂ ಕೆರೆದೂ ಅಂಗೈಯಗಲ ಕಪ್ಪಾಯ್ತು. ಅಮ್ಮ ಹುಳುಕಡ್ಡಿ ಅಂತ ಬೇವಿನೆಣ್ಣೆ ಹಚ್ಚಿದ್ರು, ಮೆಡಿಕಲ್ ಸ್ಟೋರಿನವನು ಫಂಗಸ್ ಕ್ರೀಮು ಕೊಟ್ಟ, ಜಗ್ಗಲಿಲ್ಲ. ಕೊನೆಗೆ ಸ್ಕಿನ್ ಡಾಕ್ಟ್ರು ನೋಡಿದ್ದೇ ತಡ, ಇದು ಚರ್ಮದ್ದಲ್ಲ ನರದ್ದು, ನೋಟಾಲ್ಜಿಯಾ ಪ್ಯಾರೆಸ್ಥೆಟಿಕಾ ಅಂದ್ರು. ಮೇಲ್ಬೆನ್ನಲ್ಲಿ ಟಿ2ರಿಂದ ಟಿ6ರವರೆಗಿನ, ಅಂದ್ರೆ ಬೆನ್ನುಮೂಳೆಯ ಎದೆಭಾಗದ ಎರಡನೇ ಮಣಿಯಿಂದ ಆರನೇದರವರೆಗಿನ ನರಗಳು ಸ್ನಾಯು ತೂರ್ಕೊಂಡು ಚರ್ಮಕ್ಕೆ ಬರ್ತವೆ, ದಾರೀಲಿ ಒತ್ತು ಬಿದ್ರೆ ಚರ್ಮದಲ್ಲಿ ಏನೂ ಇಲ್ದೇನೂ ನವೆ ಬರಬಹುದಂತೆ.

ಒತ್ತು ಅಂದ್ರಲ್ಲ, ಬಿಡಿಸಿಬಿಡೋಣ ಅಂತ ನಾನೇ ಹುಡುಕ್ಕೊಂಡು ಕೈರೋಪ್ರಾಕ್ಟರ್ ಹತ್ರ ಹೋದೆ, ಬೆನ್ನುಮೂಳೆ ಕೀಲುಗಳನ್ನ ಕೈಯಲ್ಲೇ ಅದುಮಿ ಸರಿ ಮಾಡ್ತೀವಿ ಅನ್ನೋರು. ಬೋರಲು ಮಲಗಿಸಿ, ಉಸಿರು ಬಿಡಿ ಅಂತಾರೆ, ಬಿಡೋ ಹೊತ್ತಿಗೆ ಎರಡೂ ಅಂಗೈ ಇಟ್ಟು ಒಂದೇ ಸಲ ಅದುಮ್ತಾರೆ, ಲಟಲಟ ಅಂತ ನೆಟಿಗೆ ಮುರಿದ ಹಾಗೆ. ಎದ್ದು ಕೂತಾಗ ಬೆನ್ನು ಹೂವಾಗಿರತ್ತೆ, ಸುಳ್ಳು ಹೇಳಲ್ಲ. ಮೊದಲ ಸಲ ಮೂರು ದಿನ ನವೆ ಅರ್ಧಕ್ಕರ್ಧ ಕಮ್ಮಿ, ನಾಲ್ಕನೇ ದಿನ ಆಫೀಸಲ್ಲಿ ಮೀಟಿಂಗ್ ಮಧ್ಯೆ ಕುರ್ಚಿಗೆ ಬೆನ್ನು ಉಜ್ತಾ ಕೂತಿದ್ದೆ. ಆಮೇಲೂ ಇದೇ ಕಥೆ, ಎರಡು ದಿನ ಮೂರು ದಿನ ಅಷ್ಟೇ.

ಬೇಜಾರಾಗಿದ್ದು ಪ್ಯಾಕೇಜಿಂದು. ಹತ್ತು ಸಿಟ್ಟಿಂಗಿಗೆ ಮೊದಲೇ ದುಡ್ಡು ಕಟ್ಟಿಸ್ಕೊಂಡ್ರು, ಮುಗಿಯೋಕೆ ಮುಂಚೆನೇ ಇನ್ನೊಂದು ಹತ್ತರ ಮಾತು. ಬೆನ್ನಿನ ಎಂಆರ್‌ಐ ಇದೆಯಾ ಅಂತ ಮೊದಲ ದಿನ ಕೇಳಲೇ ಇಲ್ಲ. ಕತ್ತನ್ನೂ ತಿರುಗಿಸ್ತೀವಿ ಅಂದ್ರು, ಅದು ಬೇಡ ಅಂದೆ, ಅಪರೂಪಕ್ಕೆ ಕತ್ತಿನ ರಕ್ತನಾಳ ಹರಿದು ಸ್ಟ್ರೋಕ್ ಆದ ಕೇಸುಗಳಿವೆ, ನವೆ ಕಳ್ಕೊಳ್ಳೋಕೆ ಹೋಗಿ ಅದ್ಯಾಕೆ.

ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಅಲ್ಲಿದ್ದ ಫಿಸಿಯೋ ಹುಡುಗಿ ಐದೇ ನಿಮಿಷದಲ್ಲಿ ಹೇಳ್ಕೊಟ್ಟಿದ್ದು: ಬಾಗಿಲ ಎರಡೂ ಕಡೆ ಕೈ ಊರಿ ಎದೆ ಮುಂದಕ್ಕೆ ಚಾಚೋದು, ಭುಜದ ರೆಕ್ಕೆ ಹಿಂದಕ್ಕೆ ಸೇರಿಸಿ ಹಿಡಿಯೋದು, ದಿನಕ್ಕೆರಡು ಸಲ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟೆ. ಜೊತೆಗೆ ಡಾಕ್ಟ್ರು ಬರೆದ ಕ್ಯಾಪ್ಸೈಸಿನ್ ಕ್ರೀಮು, ಮೆಣಸಿನಕಾಯಿ ಖಾರ ಸ್ವಾಮಿ ಅದು, ಬಿಸಿನೀರು ಸ್ನಾನ ಆದ್ಮೇಲೆ ಹಚ್ಚಿ ಕುಣಿದಿದೀನಿ, ಅದೇ ಕೈಯಲ್ಲಿ ಕಣ್ಣು ಮುಟ್ಟಿದ್ದು ಬೇರೆ. ಮೂರ್ನಾಲ್ಕು ವಾರ ಬಿಡದೆ ಹಚ್ಚಿದ್ಮೇಲೆ ತಣ್ಣಗಾಯ್ತು, ನಿಲ್ಲಿಸಿದ್ರೆ ನಿಧಾನಕ್ಕೆ ಮತ್ತೆ ಶುರು.

ಈಗ ಹತ್ತಕ್ಕೆ ಎಂಟಿದ್ದ ನವೆ ಮೂರಕ್ಕಿದೆ, ಕಪ್ಪು ಕಲೆ ಹಾಗೇ ಇದೆ. ಕೈರೋಗೆ ಐದಕ್ಕೆ ಎರಡು ಸ್ಟಾರ್, ಬೆನ್ನು ಬಿಗಿತಕ್ಕೆ ಹೋಗೋದಾದ್ರೆ ಹೋಗಿ, ನವೆಗೇ ಅಂತಾದ್ರೆ ಒಂದೆರಡು ಸಿಟ್ಟಿಂಗ್ ನೋಡಿ, ಪ್ಯಾಕೇಜ್ ಮಾತ್ರ ಬೇಡ. ಮರದ ಸ್ಕೇಲು ಇನ್ನೂ ದಿಂಬಿನ ಕೆಳಗೇ ಇದೆ, ಮಗಳು ಹೋಮ್‌ವರ್ಕಿಗೆ ಕೇಳಿದ್ರೆ ಅಂಗಡೀಲಿ ಹೊಸದು ತಗೋ ಪುಟ್ಟಿ ಅಂತೀನಿ.