ಮೈಗವ್ ಪಾಸ್‌ವರ್ಡ್ ಕೇಳುವ 'ಟ್ಯಾಕ್ಸ್ ಅಣ್ಣ'ನ ಹತ್ತಿರ ಹೋಗಬೇಡಿ

ಮೆಲ್ಬರ್ನ್‌ನಲ್ಲಿ ನರ್ಸಿಂಗ್ ಓದ್ತಾ ಏಜ್ಡ್ ಕೇರ್‌ನಲ್ಲಿ ಕೆಲಸ ಮಾಡ್ತಿರೋ ಕನ್ನಡದ ಹುಡುಗ ಹುಡುಗಿಯರು ಇದನ್ನ ಪೂರ್ತಿ ಓದಿ. "ಯೂನಿ ಫೀಸ್ ತೋರಿಸಿ ಕಟ್ಟಿದ ಟ್ಯಾಕ್ಸ್ ಅಷ್ಟೂ ವಾಪಸ್ ಕೊಡಿಸ್ತೀನಿ" ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಭಾಷೆ ಮಾತಾಡ್ತಾನೆ, ಊಟ ಆಯ್ತಾ ಅಂತ ಕೇಳ್ತಾನೆ ಅಂತ ಕೂತ್ಕೋಬೇಡಿ.

ನಾನು ಪಿಸಿಎ, ಅಂದ್ರೆ ವೃದ್ಧಾಶ್ರಮದಲ್ಲಿ ವಯಸ್ಸಾದವರನ್ನ ನೋಡ್ಕೊಳ್ಳೋ ಪರ್ಸನಲ್ ಕೇರ್ ಕೆಲಸ. ಸ್ಟೂಡೆಂಟ್ ವೀಸಾ. ಎರಡು ವಾರಕ್ಕೆ 48 ಗಂಟೆ ಮಿತಿಯೊಳಗೆ ದುಡಿದು, ಉಳಿದ ಹೊತ್ತಲ್ಲಿ ಬ್ಯಾಚುಲರ್ ಆಫ್ ನರ್ಸಿಂಗ್. ಕಳೆದ ವರ್ಷ ಯುಗಾದಿ ಕಾರ್ಯಕ್ರಮದಲ್ಲಿ ಒಬ್ಬ ಕಾರ್ಡ್ ಹಂಚ್ತಿದ್ದ, ಟ್ಯಾಕ್ಸ್ ಕನ್ಸಲ್ಟೆಂಟ್ ಅಂತ. ಜುಲೈ ಮುಗಿಯೋ ಹೊತ್ತಿಗೆ ನಮ್ಮ ಶೇರ್ ಮನೆಯವರೆಲ್ಲ ಅವನ ಹತ್ರ ಹೋಗಿ ಬಂದಿದ್ರು. ಎಲ್ಲರಿಗೂ ರಿಫಂಡ್ ಬಂದಿತ್ತು. ನಾನೂ ಹೋದೆ.

ಅವನು ಮಾಡಿದ್ದು ಇಷ್ಟು. ಫೀಸ್ ರಸೀದಿ ನೋಡಿದ. "ಏಜ್ಡ್ ಕೇರ್‌ನಲ್ಲಿ ಕೆಲಸ, ಓದೋದು ನರ್ಸಿಂಗ್, ಎರಡೂ ಒಂದೇ ಲೈನ್ ಅಲ್ವೇನಮ್ಮಾ? ಸೆಲ್ಫ್ ಎಜುಕೇಶನ್‌ನಲ್ಲಿ ಹಾಕಿದ್ರೆ ಆಯ್ತು" ಅಂದ, ಅಂದ್ರೆ ಓದಿನ ಖರ್ಚು ತೋರಿಸಿ ಟ್ಯಾಕ್ಸ್ ಕಡಿಮೆ ಮಾಡಿಸೋದು. ಮೈಗವ್ ಲಾಗಿನ್ ಕೇಳಿದ, ಅಂದ್ರೆ ಟ್ಯಾಕ್ಸ್ ರಿಟರ್ನ್ ಎಲ್ಲ ಫೈಲ್ ಮಾಡೋ ಇಲ್ಲಿನ ಸರ್ಕಾರಿ ಆನ್‌ಲೈನ್ ಖಾತೆಯದ್ದು. ಫೋನಿಗೆ ಕೋಡ್ ಬಂತು, "ಹೇಳಮ್ಮ ನಂಬರ್" ಅಂದ. ಇಲ್ಲಿ ಏಜೆಂಟ್‌ಗಳು ಹೀಗೇ ಫೈಲ್ ಮಾಡೋದು ಅಂತಲೇ ಅವನ ಮಾತಿನ ಧಾಟಿ. ಟಪಟಪ ಅಂತ ಏನೇನೋ ಒತ್ತಿದ, ಸ್ಕ್ರೀನ್ ಅವನ ಕಡೆಗೇ ತಿರುಗಿತ್ತು. ನಾಲ್ಕು ಸಾವಿರ ಡಾಲರ್ ಹತ್ತಿರ ಬರುತ್ತೆ, ಅದರಲ್ಲಿ ಇಪ್ಪತ್ತು ಪರ್ಸೆಂಟ್ ನನಗೆ, ಕ್ಯಾಶ್ ಕೊಟ್ಬಿಡು ಅಂದ. ಎರಡು ವಾರದೊಳಗೆ ದುಡ್ಡು ಬಂತು, ಎಂಟುನೂರು ಡಾಲರ್ ಕೊಟ್ಟೆ. ರಸೀದಿ ಕೇಳಿದ್ದಕ್ಕೆ "ನಮ್ ನಮ್ಮಲ್ಲಿ ರಸೀದಿ ಏನಮ್ಮಾ" ಅಂತ ನಕ್ಕ.

ಆಮೇಲೆ ಬಂತು ಎಟಿಒ, ಅಂದ್ರೆ ಇಲ್ಲಿನ ತೆರಿಗೆ ಇಲಾಖೆಯ ಲೆಟರ್. ಕ್ಲೇಮ್ ಮಾಡಿರೋ ಖರ್ಚಿಗೆ ದಾಖಲೆ ಕೊಡಿ, ಈ ಕೋರ್ಸ್‌ಗೂ ನಿಮ್ಮ ಈಗಿನ ಕೆಲಸಕ್ಕೂ ಏನು ಸಂಬಂಧ ಬರೆದು ತಿಳಿಸಿ ಅಂತ. ಆಗ ರಿಟರ್ನ್ ತೆಗೆದು ನೋಡಿದೆ. ಸೆಲ್ಫ್ ಎಜುಕೇಶನ್ 22,000 ಡಾಲರ್! ನಾನು ಕಟ್ಟಿರೋ ಫೀಸೇ ಬೇರೆ, ಆ ಮೊತ್ತದ ಒಂದು ರಸೀದಿಯೂ ನನ್ನ ಹತ್ರ ಇಲ್ಲ. ಟ್ಯಾಕ್ಸ್ ಸೊನ್ನೆಗೆ ಇಳಿಯೋಕೆ ಎಷ್ಟು ಬೇಕೋ ಅಷ್ಟು ಬರೆದಿದ್ದಾನೆ. ಅದೂ ಸಾಲದು ಅಂತ ಕಾರಿನ ಖರ್ಚು, 5,000 ಕಿಲೋಮೀಟರ್, ಕಿಲೋಮೀಟರಿಗೆ 88 ಸೆಂಟ್, ಒಟ್ಟು 4,400 ಡಾಲರ್. ಕಾರು! ನನ್ನ ಹತ್ರ ಲೈಸೆನ್ಸೇ ಇಲ್ಲ. ಬೆಳಗಿನ ಶಿಫ್ಟ್‌ಗೆ ಕತ್ತಲಲ್ಲೇ ಎದ್ದು ಮೈಕಿ ಕಾರ್ಡ್ ಹಿಡ್ಕೊಂಡು ಬಸ್ ಸ್ಟಾಪಲ್ಲಿ ನಡುಗ್ತಾ ನಿಲ್ಲೋಳು ನಾನು. ನನ್ನ ಹೆಸರಲ್ಲಿ ಕಾರು ಓಡಿಸಿದ್ದಾನೆ.

ಎಟಿಒಗೆ ಫೋನ್ ಮಾಡಿದೆ. ಇದನ್ನ ನಾನು ಮಾಡಿಲ್ಲ, ನಮ್ಮ ಟ್ಯಾಕ್ಸ್ ಏಜೆಂಟ್ ಮಾಡಿದ್ದು ಅಂದೆ. ಆ ಹೆಂಗಸು ತಾಳ್ಮೆಯಿಂದಲೇ ಕೇಳಿಸ್ಕೊಂಡ್ರು. ಸ್ವಲ್ಪ ಹೊತ್ತು ನೋಡಿ ಹೇಳಿದ್ರು, ಈ ರಿಟರ್ನ್‌ನಲ್ಲಿ ಏಜೆಂಟ್ ಅಂತ ಯಾರೂ ಇಲ್ಲ, ನಿಮ್ಮ ಮೈಗವ್‌ನಿಂದ ನೀವೇ ಫೈಲ್ ಮಾಡಿದ್ದೀರಿ ಅಂತಿದೆ. ಅವನ ಹೆಸರು ಕೇಳಿದ್ರು, ಹೇಳಿದೆ. ಆ ಹೆಸರಲ್ಲಿ ನೋಂದಣಿಯಾದ ಏಜೆಂಟೇ ಇಲ್ಲ. ನನಗೆ ಮಾತೇ ಹೊರಡಲಿಲ್ಲ. ಬ್ರೇಕ್ ರೂಮಲ್ಲಿ ಕೂತಿದ್ದೆ, ಜೊತೆಯವರು ಕಾಫಿ ಕುಡೀತಾ ನನ್ನ ಮುಖಾನೇ ನೋಡ್ತಿದ್ರು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಕೂತಿದ್ದೆ. ಎಂಟುನೂರು ಡಾಲರ್ ತಿಂದವನ ಹೆಸರು ಎಲ್ಲೂ ಇಲ್ಲ. ಎಲ್ಲೂ ಇಲ್ಲ!

ಅವನಿಗೆ ವಾಟ್ಸಾಪ್ ಮಾಡಿದೆ. ಮೊದಲನೇ ಉತ್ತರ: "ಟೆನ್ಶನ್ ತಗೋಬೇಡಮ್ಮ, ಆ ಲೆಟರ್ ಎಲ್ಲರಿಗೂ ಬರುತ್ತೆ." ಕಾರಿನ ಕ್ಲೇಮ್ ಯಾಕೆ ಹಾಕಿದ್ರಿ ಅಣ್ಣಾ ಅಂತ ಕೇಳಿದ್ದಕ್ಕೆ, "5,000 ಕಿಲೋಮೀಟರ್ ತನಕ ಯಾರೂ ಕೇಳಲ್ಲ." ಕೇಳಿದ್ದಾರಲ್ಲ ಅಂತ ಲೆಟರ್ ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮಾರನೇ ದಿನ, "ರಿಟರ್ನ್ ನಿನ್ನ ಹೆಸರಲ್ಲಿದೆ, ನನಗೂ ಅದಕ್ಕೂ ಸಂಬಂಧ ಇಲ್ಲ." ನನ್ನ ಎಂಟುನೂರು ಆದ್ರೂ ವಾಪಸ್ ಕೊಡಿ ಅಂದೆ. "ಅದು ಟೈಪ್ ಮಾಡಿದ್ದಕ್ಕೆ." ಟೈಪ್ ಮಾಡಿದ್ದಕ್ಕೆ ಎಂಟುನೂರು ಡಾಲರ್! ಕಂಪ್ಲೇಂಟ್ ಕೊಡ್ತೀನಿ ಅಂದ ತಕ್ಷಣ ಅಮ್ಮ ತಾಯಿ ಎಲ್ಲ ಹೋಯ್ತು, "ಸ್ಟೂಡೆಂಟ್ ವೀಸಾದಲ್ಲಿದ್ದೀಯ, ನೋಡ್ಕೊಂಡು ಮಾತಾಡು" ಅಂತ ಬರೆದು ಬ್ಲಾಕ್ ಮಾಡಿದ. ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೀನಿ. ದೂರಿನ ಜೊತೆ ಕಳಿಸಿಯೂ ಆಗಿದೆ.

ಈಗ ಸರಿಯಾಗಿ ಕೇಳಿ. ಇಲ್ಲಿ ಸೆಲ್ಫ್ ಎಜುಕೇಶನ್ ಕ್ಲೇಮ್ ಸಿಗೋದು, ನೀವು ಈಗ ಮಾಡ್ತಿರೋ ಕೆಲಸದ ಕೌಶಲ ಹೆಚ್ಚಿಸೋ ಓದಿಗೆ, ಇಲ್ಲಾ ಈಗಿರೋ ಕೆಲಸದಲ್ಲೇ ಸಂಬಳ ಹೆಚ್ಚಾಗೋಕೆ ದಾರಿ ಮಾಡೋ ಓದಿಗೆ. ಹೊಸ ಕೆಲಸ ಹಿಡಿಯೋಕೆ ಓದಿದ್ರೆ ಇಲ್ಲ. ಪಿಸಿಎ ಆಗಿದ್ದುಕೊಂಡು ನರ್ಸ್ ಆಗೋಕೆ ಓದಿದ್ರೆ ಸಿಗಲ್ಲ ಅಂತ ನರ್ಸ್‌ಗಳಿಗಾಗಿ ಎಟಿಒ ಹಾಕಿರೋ ಮಾಹಿತಿಯಲ್ಲೇ ಇದೆ, ನನ್ನ ಕೇಸೇ ಬರೆದಿಟ್ಟ ಹಾಗಿದೆ. ಅದೇ, ರಿಜಿಸ್ಟರ್ಡ್ ನರ್ಸ್ ಆಗಿ ಕೆಲಸ ಮಾಡ್ತಾ ಆ ಕೆಲಸಕ್ಕೇ ಬೇಕಾದ ಮುಂದಿನ ಕೋರ್ಸ್‌ಗೆ ಕೈಯಿಂದ ಫೀಸ್ ಕಟ್ಟಿದ್ದರೆ ಕ್ಲೇಮ್ ಆಗುತ್ತೆ. ಇದು ದಿನಾ ಟ್ಯಾಕ್ಸ್ ಕೆಲಸ ಮಾಡೋನಿಗೆ ಗೊತ್ತಿಲ್ದೇ ಇರುತ್ತಾ? ಗೊತ್ತಿದ್ದೇ ಮಾಡಿದ್ದಾನೆ. ರಿಫಂಡ್ ದೊಡ್ಡದಾದಷ್ಟು ಅವನ ಪಾಲೂ ದೊಡ್ಡದು, ಸಿಕ್ಕಿಬಿದ್ದರೆ ನಾವು.

ನಾನೀಗ ಆ ರಿಫಂಡ್ ವಾಪಸ್ ಕಟ್ಟಬೇಕು, ಮೇಲೆ ಬಡ್ಡಿ. ಪೆನಾಲ್ಟಿ ಎಷ್ಟು ಅಂತ ಇನ್ನೂ ಹೇಳಿಲ್ಲ. ಕಡಿಮೆ ಕಟ್ಟಿದ ಟ್ಯಾಕ್ಸ್ ಮೇಲೆ 25 ಪರ್ಸೆಂಟ್‌ನಿಂದ ಶುರು, ಬೇಕು ಅಂತಲೇ ಮಾಡಿದ್ದು ಅಂತಾದರೆ 75. ಆ ದುಡ್ಡು ಮುಂದಿನ ಸೆಮಿಸ್ಟರ್ ಫೀಸಿಗೆ ಸೇರಿ ಹೋಗಿದೆ. ಕಂತಿನಲ್ಲಿ ಕಟ್ಟೋಕೆ ಕೇಳಿದ್ದೀನಿ. ಊರಲ್ಲಿ ಅಪ್ಪನಿಗೆ ಇನ್ನೂ ಹೇಳಿಲ್ಲ, ಹೇಗೆ ಹೇಳೋದು ಅಂತಲೂ ಗೊತ್ತಾಗ್ತಿಲ್ಲ.

ದುಡ್ಡು ತಗೊಂಡು ಬೇರೆಯವರ ರಿಟರ್ನ್ ಮಾಡೋಕೆ ಟ್ಯಾಕ್ಸ್ ಪ್ರಾಕ್ಟೀಷನರ್ಸ್ ಬೋರ್ಡ್‌ನಲ್ಲಿ ನೋಂದಣಿ ಇರಲೇಬೇಕು, ಇಲ್ಲದೆ ಮಾಡೋದು ಕಾನೂನಿಗೆ ವಿರುದ್ಧ. ಬೋರ್ಡ್‌ನ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ, ಕಾಸು ಖರ್ಚಿಲ್ಲ. ನಿಜವಾದ ಏಜೆಂಟ್ ತನ್ನ ಸಾಫ್ಟ್‌ವೇರ್‌ನಿಂದ ಫೈಲ್ ಮಾಡ್ತಾನೆ, ನಿಮ್ಮ ಮೈಗವ್ ಪಾಸ್‌ವರ್ಡ್ ಅವನಿಗೆ ಬೇಕಾಗೇ ಇಲ್ಲ. ಕೇಳಿದ ಅಂದ್ರೆ ಅವನು ಏಜೆಂಟ್ ಅಲ್ಲ, ಮುಗೀತು.

ಅವನು ಈ ವರ್ಷವೂ ಕಾರ್ಡ್ ಹಂಚ್ತಿದ್ದಾನೆ ಅಂತ ಕೇಳಿದೆ. ಈಗಾಗಲೇ ಅವನ ಹತ್ರ ಹೋಗಿ ಬಂದವರು, ಇವತ್ತೇ ಮೈಗವ್ ತೆಗೆದು ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ರಿಟರ್ನ್‌ನ ಡಿಡಕ್ಷನ್ ಒಂದೊಂದೇ ಓದಿ. ನಿಮ್ಮದಲ್ಲದ ಕಾರು, ನೀವು ಕಟ್ಟದ ಫೀಸು ಇದ್ದರೆ ಎಟಿಒ ಕೇಳೋ ಮೊದಲೇ ನೀವೇ ಅಮೆಂಡ್‌ಮೆಂಟ್, ಅಂದ್ರೆ ತಿದ್ದುಪಡಿ, ಹಾಕಿ. ಅವರು ಕೇಳೋ ಮೊದಲು ಹೇಳಿದ್ರೆ ಪೆನಾಲ್ಟಿ ತುಂಬಾ ಇಳಿಯುತ್ತೆ. ನನಗೆ ಆ ಅವಕಾಶ ಸಿಗಲಿಲ್ಲ, ನಿಮಗಿನ್ನೂ ಇದೆ.