ಹೆನ್ಲಿಯಿಂದ ಚಿಲ್ಟರ್ನ್ಸ್ ಸುತ್ತು: 50 ಕಿಲೋಮೀಟರ್, ಸಪಾಟು ರಸ್ತೆ ಮಾತ್ರ ಕೇಳಬೇಡಿ

ಇಂಗ್ಲೆಂಡಿನ ಹೆನ್ಲಿ-ಆನ್-ಥೇಮ್ಸ್‌ನಿಂದ ಹೊರಟು ಚಿಲ್ಟರ್ನ್ಸ್ ಗುಡ್ಡಸಾಲಿನ ಸ್ಟೋಕ್ ರೋ, ನೆಟಲ್‌ಬೆಡ್, ವಾಟ್ಲಿಂಗ್ಟನ್, ಕ್ರಿಸ್ಮಸ್ ಕಾಮನ್, ಟರ್ವಿಲ್, ಹ್ಯಾಂಬಲ್ಡನ್ ಸುತ್ತಿ ವಾಪಸ್ ಹೆನ್ಲಿಗೆ ಬರುವ ಸೈಕಲ್ ರೂಟು ಇದು. ಸುಮಾರು 50 ಕಿಲೋಮೀಟರ್. ರೆಡಿಂಗ್, ಸ್ಲೌ ಕಡೆ ಇರುವ ನಮ್ಮವರು ವೀಕೆಂಡಿಗೆ ಎಲ್ಲಿ ಸೈಕಲ್ ಹೊಡೆಯಬಹುದು ಅಂತ ಕೇಳಿದಾಗಲೆಲ್ಲ ಇದನ್ನೇ ಹೇಳುತ್ತೇನೆ. ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ ನಕ್ಷತ್ರ. ಆ ಅರ್ಧ ಎಲ್ಲಿ ಹೋಯಿತು ಅನ್ನುವುದು ಕೊನೆಗೆ.

ಐವತ್ತು ತಾನೇ, ಊಟಕ್ಕೆ ಮನೆಗೆ ಬರಬಹುದು ಅಂದುಕೊಂಡರೆ ಕಷ್ಟ. ಬೆಂಗಳೂರಲ್ಲಿ ನಂದಿ ಹತ್ತಿದವರಿಗಂತೂ ಇದು ಮೊದಲು ಅರ್ಥವೇ ಆಗುವುದಿಲ್ಲ. ನಂದಿಯ ಲೆಕ್ಕ ಸುಲಭ, ಸುಮಾರು 8 ಕಿಲೋಮೀಟರ್ ಒಂದೇ ಏರು, ಮೇಲೆ ಹೋಗಿ ಏನಾದರೂ ತಿಂದು ಒಂದೇ ಇಳಿತ. ಚಿಲ್ಟರ್ನ್ಸ್‌ನಲ್ಲಿ ಅತಿ ಎತ್ತರದ ಜಾಗವೇ 267 ಮೀಟರ್, ಅದೂ ಈ ರೂಟಿನಲ್ಲಿ ಬರುವುದಿಲ್ಲ. ಆದರೆ ಏರು ಮುಗಿಯಿತು ಅನ್ನುವಷ್ಟರಲ್ಲಿ ಇಳಿಜಾರು, ಉಸಿರು ಹಿಡಿತಕ್ಕೆ ಬರುವಷ್ಟರಲ್ಲಿ ಮತ್ತೆ ಏರು. ಒಂದೇ ಲಯದಲ್ಲಿ ಪೆಡಲ್ ತುಳಿಯೋಕೆ ಬಿಡುವುದೇ ಇಲ್ಲ.

ಇದಕ್ಕೆಲ್ಲ ಕಾರಣ ಕಾಲ ಕೆಳಗಿನ ಕಲ್ಲು. ಇಡೀ ಗುಡ್ಡಸಾಲು ಸೀಮೆಸುಣ್ಣದ್ದು. ಎಷ್ಟು ಮಳೆ ಬಿದ್ದರೂ ಕುಡಿದುಬಿಡುತ್ತದೆ. ಹಿಮಯುಗದಲ್ಲಿ ನೆಲ ಹೆಪ್ಪುಗಟ್ಟಿದ್ದಾಗ ನೀರು ಒಳಗೆ ಇಳಿಯಲಾಗದೆ ಮೇಲೇ ಹರಿದು ಕಣಿವೆಗಳನ್ನು ಕೊರೆಯಿತು. ಆಮೇಲೆ ನೆಲ ಬೆಚ್ಚಗಾಗಿ ನೀರು ಮತ್ತೆ ಒಳಗಿಳಿಯಿತು, ಕಣಿವೆ ಮಾತ್ರ ಒಣಗಿ ಹಾಗೇ ಉಳಿಯಿತು. ನಾವು ಇಳಿದು ಹತ್ತುವುದು ಆ ಒಣ ಕಣಿವೆಗಳನ್ನೇ. ಜೊತೆಗೆ ಈ ಸಾಲು ಲಂಡನ್ ಕಡೆಗೆ ನಿಧಾನವಾಗಿ ಇಳಿಯುತ್ತದೆ, ಆಕ್ಸ್‌ಫರ್ಡ್ ಕಡೆಗೆ ಧಡಕ್ಕನೆ ಬೀಳುತ್ತದೆ. ಇದು ಗೊತ್ತಿದ್ದರೆ ರೂಟು ಯಾಕೆ ಹೀಗೆ ಕಾಡುತ್ತದೆ ಅಂತ ಗೊತ್ತಾಗುತ್ತದೆ.

ಹೆನ್ಲಿಯಿಂದ ಗ್ರೇಸ್ ಗ್ರೀನ್ ಮೂಲಕ ಸ್ಟೋಕ್ ರೋಗೆ ಹೋಗುವ ದಾರಿ ಮೈ ಬಿಸಿ ಮಾಡಿಕೊಳ್ಳೋಕೆ ಚೆನ್ನಾಗಿದೆ. ಬೀಚ್ ಅನ್ನುವ ಕಾಡುಮರಗಳ ನೆರಳು, ಟ್ರಾಫಿಕ್ ಕಡಿಮೆ. ಸ್ಟೋಕ್ ರೋದಲ್ಲಿ ದಯವಿಟ್ಟು ಇಳಿಯಿರಿ. ರಸ್ತೆ ಪಕ್ಕದಲ್ಲೇ, ಪಕ್ಕಾ ಇಂಗ್ಲಿಷ್ ಹಳ್ಳಿಯ ನಡುವೆ, ಒಂದು ಗುಮ್ಮಟ ನಿಂತಿದೆ. ಅದರಡಿ ಬಾವಿ, ನೀರು ಸೇದುವ ಯಂತ್ರದ ಮೇಲೆ ಚಿನ್ನದ ಬಣ್ಣದ ಆನೆ. ಇದು ಕಾಶಿಯ ಮಹಾರಾಜ ಈಶ್ವರಿ ಪ್ರಸಾದ್ ನಾರಾಯಣ್ ಸಿಂಗ್ ಕಟ್ಟಿಸಿಕೊಟ್ಟ ಬಾವಿ. ಈ ಕಡೆಯ ಎಡ್ವರ್ಡ್ ರೀಡ್ ಅನ್ನುವ ಅಧಿಕಾರಿ ಇಂಡಿಯಾದಲ್ಲಿ ಕೆಲಸದಲ್ಲಿದ್ದಾಗ ಮಹಾರಾಜನಿಗೆ ತನ್ನೂರಿನ ನೀರಿನ ಬವಣೆ ಹೇಳಿಕೊಂಡನಂತೆ. ಮನೆಯಲ್ಲಿದ್ದ ಕೊನೆಯ ಹನಿ ನೀರು ಕುಡಿದದ್ದಕ್ಕೆ ಒಬ್ಬ ಹುಡುಗ ತಾಯಿ ಕೈಲಿ ಹೊಡೆತ ತಿಂದ ಕತೆ. ರಾಜನಿಗೆ ಅದು ಮನಸ್ಸಿನಲ್ಲೇ ಉಳಿದಿತ್ತು. 1863ರಲ್ಲಿ ಅಗೆಯೋಕೆ ಶುರು ಮಾಡಿ 1864ರಲ್ಲಿ ಊರಿಗೆ ಬಿಟ್ಟರು. ಆಳ 368 ಅಡಿ, ಅಷ್ಟನ್ನೂ ಕೈಯಲ್ಲೇ ಅಗೆದದ್ದು. ಬಾವಿಯ ಖರ್ಚಿಗೆ ಆದಾಯ ಬರಲಿ ಅಂತ ಪಕ್ಕದಲ್ಲೇ ಚೆರ್ರಿ ತೋಟ ಕೂಡ ಹಾಕಿಸಿದರು. ಬಾವಿ ಬಾಯಿ ಹತ್ತಿರ ಬಗ್ಗಿ ನೋಡಿ, ತಳ ಕಾಣುವುದಿಲ್ಲ. ಮಳೆಯ ದೇಶ ಅಂತ ಹೆಸರಾದ ಇಂಗ್ಲೆಂಡಿನ ಹಳ್ಳಿಗೆ ಕಾಶಿಯಿಂದ ನೀರಿನ ದಾನ ಬಂದಿದೆ ಅಂದರೆ ಈ ಸುಣ್ಣದ ನೆಲ ಎಂಥದ್ದು ಅಂತ ಲೆಕ್ಕ ಹಾಕಿ.

ಅದಕ್ಕೇ ಹೇಳುವುದು, ಎರಡು ಬಾಟಲಿ ತುಂಬಿಸಿಕೊಂಡೇ ಹೊರಡಿ. ಗುಡ್ಡದ ಮೇಲೆ ಹೊಳೆ, ತೊರೆ ಸಿಗುವುದಿಲ್ಲ, ನಲ್ಲಿಯನ್ನೂ ನಂಬಬೇಡಿ. ಪಬ್‌ಗಳಲ್ಲಿ ಕೇಳಿದರೆ ಸಾಮಾನ್ಯವಾಗಿ ತುಂಬಿಸಿ ಕೊಡುತ್ತಾರೆ. ಒಂದು ಕಡೆ ಮಾತ್ರ ಏನಾದರೂ ಕೊಂಡರೆ ಕೊಡ್ತೀವಿ ಅಂದರು, ಹೆಸರು ಬೇಡ ಬಿಡಿ.

ಹೈಮೂರ್ ದಾಟಿದರೆ ನೆಟಲ್‌ಬೆಡ್. ಇಲ್ಲಿ 'ಚೀಸ್ ಶೆಡ್' ಅಂತ ಒಂದು ಪುಟ್ಟ ಕೆಫೆ ಇದೆ, ನೆಟಲ್‌ಬೆಡ್ ಕ್ರೀಮರಿಯವರದ್ದು. ಅವರ ಚೀಸ್‌ಗಳಿಗೆ ಸುತ್ತಲಿನ ಜಾಗಗಳದ್ದೇ ಹೆಸರು, ಬಿಕ್ಸ್, ಹೈಮೂರ್, ವಿದರಿಜ್. ಸುಟ್ಟು ಕೊಡುವ ಚೀಸ್ ಸ್ಯಾಂಡ್‌ವಿಚ್ ಬಿಸಿಬಿಸಿ ತಿಂದರೆ ಮುಂದಿನ ಏರಿಗೆ ಧೈರ್ಯ ಬರುತ್ತದೆ. ರೆನೆಟ್ (ಹಾಲು ಗಟ್ಟಿಯಾಗಲು ಹಾಕುವುದು, ಎಷ್ಟೋ ಸಲ ಕರುವಿನ ಹೊಟ್ಟೆಯಿಂದ ತೆಗೆದದ್ದು) ನೋಡಿ ತಿನ್ನುವವರು ಒಂದು ಮಾತು ಕೇಳಿಕೊಳ್ಳಿ. ಶನಿವಾರ, ಭಾನುವಾರ ಸೈಕಲ್‌ನವರ ಜಾತ್ರೆ. ಕಾಯೋಕಾಗದಿದ್ದರೆ ಜೇಬಿನಲ್ಲಿ ಶೇಂಗಾ ಚಿಕ್ಕಿ ಇರಲಿ. ಅಂಗಡಿಯ ಎನರ್ಜಿ ಜೆಲ್‌ಗಿಂತ ಅದೇ ವಾಸಿ, ದುಡ್ಡೂ ಉಳಿಯುತ್ತದೆ.

ಇಲ್ಲಿಂದ ಕುಕ್ಲಿ ಗ್ರೀನ್‌ವರೆಗೆ ಬೆಟ್ಟದ ಮೇಲೇ ಓಟ, ಆಮೇಲೆ ಬ್ರಿಟ್‌ವೆಲ್ ಹಿಲ್ ಇಳಿಜಾರು. ಕಡಿದು, ಕಿರಿದು, ತಿರುವಿನಲ್ಲಿ ಸಣ್ಣ ಕಲ್ಲು. ಬ್ರೇಕ್ ಮೇಲೆ ಕೈ ಇರಲಿ. ಮಳೆಯಾದ ಮೇಲೆ ಸುಣ್ಣದ ಬಿಳಿ ಕೆಸರು ರಸ್ತೆಗೆ ಹರಿದು ಬಂದು ಟೈರಿನ ಕೆಳಗೆ ಜಾರುತ್ತದೆ, ಆಗ ಇನ್ನೂ ಹುಷಾರು.

ಕೆಳಗಿಳಿದು ವಾಟ್ಲಿಂಗ್ಟನ್ ಸೇರಿದರೆ ಎದುರಿಗೇ ಗುಡ್ಡದ ಮೈಮೇಲೆ ಚೂಪಾದ ಬಿಳಿ ಗುರುತು ಕಾಣುತ್ತದೆ. 1764ರಲ್ಲಿ ಎಡ್ವರ್ಡ್ ಹಾರ್ನ್ ಅನ್ನುವ ಸ್ಥಳೀಯ ಜಮೀನ್ದಾರ ಹುಲ್ಲು ಕೆತ್ತಿಸಿ ಮಾಡಿಸಿದ್ದು, ಉದ್ದ 270 ಅಡಿ. ಊರ ಚರ್ಚಿಗೆ ಚೂಪು ಗೋಪುರ ಇರಲಿಲ್ಲ. ತನ್ನ ಮನೆಯಿಂದ ನೋಡಿದಾಗ ಚರ್ಚಿನ ಹಿಂದೆ ಈ ಗುರುತು ಗೋಪುರದ ಹಾಗೆ ಕಾಣಲಿ ಅನ್ನುವುದು ಅವನ ಆಸೆ. ನಿಜವಾದ ಗೋಪುರಕ್ಕಿಂತ ಅಗ್ಗ ಅಲ್ವಾ!

ಆ ಗುಡ್ಡದ ಪಕ್ಕದಲ್ಲೇ ನಮ್ಮ ಏರು, ವಾಟ್ಲಿಂಗ್ಟನ್ ಹಿಲ್. ಸುಮಾರು 2 ಕಿಲೋಮೀಟರ್ ಅಷ್ಟೇ, ಆದರೆ ಆಗಲೇ ಹೇಳಿದ ಆಕ್ಸ್‌ಫರ್ಡ್ ಕಡೆಯ ಕಡಿದಾದ ಮುಖ ಇದೇ. ಕೆಳಗೆ ಸುಮ್ನೆ ಮೆಲ್ಲಗೆ ಏರುವ ಹಾಗೆ ನಟಿಸುತ್ತದೆ. ನಡುವೆ ಬರುವ ಕಡಿದು ಜಾಗದಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ, ಸೀಟಿನಿಂದ ಏಳದೆ ಗತಿಯಿಲ್ಲ. ಹಿಂದಿನ ಚಕ್ರದ ಕ್ಯಾಸೆಟ್‌ನಲ್ಲಿ, ಅಂದರೆ ಹಲ್ಲುಚಕ್ರಗಳ ಗೊಂಚಲಿನಲ್ಲಿ, ಎಲ್ಲಕ್ಕಿಂತ ದೊಡ್ಡದಕ್ಕೆ 32 ಅಥವಾ 34 ಹಲ್ಲು ಇದ್ದರೆ ಮಾತ್ರ ಇದು ಖುಷಿಯ ಏರು. ರೇಸಿಂಗ್ ಗೇರಿನಲ್ಲಿ ಬಂದು ಮರ್ಯಾದೆ ಉಳಿಸಿಕೊಳ್ಳೋಕೆ ಒದ್ದಾಡಬೇಡಿ, ಇಳಿದು ತಳ್ಳಿದರೆ ಯಾರೂ ನಗುವುದಿಲ್ಲ.

ಮೇಲೆ ಕ್ರಿಸ್ಮಸ್ ಕಾಮನ್‌ನಿಂದ ನಾರ್ತೆಂಡ್, ಟರ್ವಿಲ್ ಹೀತ್‌ವರೆಗಿನ ರಸ್ತೆ ಇಡೀ ರೂಟಿನಲ್ಲೇ ನನಗೆ ಇಷ್ಟ. ಇಲ್ಲಿ ತಲೆಯ ಮೇಲೆ ಕೆಂಪು ಹದ್ದು ಇರಲೇಬೇಕು. ನಮ್ಮೂರ ಹದ್ದಿನ ಹತ್ತಿರದ ನೆಂಟನೇ, ಆದರೆ ಬಾಲ ಇನ್ನೂ ಆಳವಾಗಿ ಸೀಳಿದೆ, ಬಣ್ಣ ತುಕ್ಕುಗೆಂಪು. ಗಾಳಿಯಲ್ಲಿ ರೆಕ್ಕೆ ಬಡಿಯದೆ ಬಾಲ ಮಾತ್ರ ತಿರುಗಿಸಿ ದಿಕ್ಕು ಬದಲಿಸುತ್ತದೆ, ನೋಡ್ತಾ ನೋಡ್ತಾ ಗುಂಡಿಗೆ ಬೀಳಬೇಡಿ. ಇಂಗ್ಲೆಂಡಿನಲ್ಲಿ ಇವು ಪೂರ್ತಿ ಹೋಗಿಬಿಟ್ಟಿದ್ದವು. 1989ರಿಂದ 1994ರವರೆಗೆ ಸ್ಪೇನಿನಿಂದ ಮರಿಗಳನ್ನು ತಂದು ಈ ಗುಡ್ಡಗಳಲ್ಲಿ ಬಿಟ್ಟರು. ಈಗ ಸೂಪರ್ ಮಾರ್ಕೆಟ್ ಕಾರ್ ಪಾರ್ಕ್ ಮೇಲೂ ಹಾರಾಡುತ್ತಿರುತ್ತವೆ.

ಟರ್ವಿಲ್‌ಗೆ ಇಳಿದ ಮೇಲೆ ಶ್ರಮ ಮುಗಿದ ಹಾಗೆ. ಫಿಂಗೆಸ್ಟ್, ಸ್ಕರ್ಮೆಟ್, ಹ್ಯಾಂಬಲ್ಡನ್, ಕಣಿವೆ ಹಿಡಿದು ಥೇಮ್ಸ್‌ವರೆಗೆ ಇಳಿಯುತ್ತಾ ಹೋಗುವುದು. ಒದ್ದೆ ಚಳಿಗಾಲ ಕಳೆದ ವರ್ಷ ಈ ಕಣಿವೆಯಲ್ಲಿ ಒಂದು ತೊರೆ ಕಾಣಿಸಿಕೊಳ್ಳುತ್ತದೆ, ಬೇಸಿಗೆಯಲ್ಲಿ ಅದೇ ಜಾಗ ಬರೀ ಹುಲ್ಲು. ಸುಣ್ಣದ ಹೊಟ್ಟೆ ತುಂಬಿ ಉಕ್ಕಿದಾಗ ಮಾತ್ರ ನೀರು ಮೇಲೆ ಬರುವುದು. ಹ್ಯಾಂಬಲ್ಡನ್‌ನ ಮನೆಗಳ ಗೋಡೆ ಹತ್ತಿರದಿಂದ ನೋಡಿ, ಇಟ್ಟಿಗೆಯ ನಡುವೆ ಕಪ್ಪು ಗಾಜಿನಂತೆ ಹೊಳೆಯುವ ಕಲ್ಲು ಕೂರಿಸಿದ್ದಾರೆ. ಅದು ಫ್ಲಿಂಟ್, ಸುಣ್ಣದ ಪದರಗಳ ನಡುವೆ ಸಿಗುವ ಕಲ್ಲು.

ಗೋಡೆಯಲ್ಲಿ ಚೆಂದ, ರಸ್ತೆಯಲ್ಲಿ ಶನಿ. ನಾನು ಕಡಿದ ಅರ್ಧ ನಕ್ಷತ್ರ ಅಲ್ಲೇ ಹೋದದ್ದು. ಮಳೆ ಬಂದಾಗಲೆಲ್ಲ ಬದುವಿನಿಂದ ಫ್ಲಿಂಟ್ ಚೂರು ರಸ್ತೆಗೆ ಬರುತ್ತದೆ, ಬ್ಲೇಡಿನಷ್ಟು ಹರಿತ, ಟೈರಿನ ಪಕ್ಕವನ್ನೇ ಸೀಳಿಬಿಡುತ್ತದೆ. ಸೆಪ್ಟೆಂಬರ್ ಆದ ಮೇಲೆ ಯಂತ್ರ ತಂದು ಬೇಲಿ ಕತ್ತರಿಸುತ್ತಾರೆ, ಆಗ ಮುಳ್ಳಿನ ಕಾಟ ಬೇರೆ. 25 ಎಂಎಂ ತೆಳು ಟೈರು ಮನೆಯಲ್ಲೇ ಬಿಡಿ. 28 ಅಥವಾ 32, ಸಾಧ್ಯವಾದರೆ ಟ್ಯೂಬ್‌ಲೆಸ್, ಜೊತೆಗೆ ಒಂದೆರಡು ಟ್ಯೂಬ್ ಹೇಗೂ ಬೇಕು. ಹಳ್ಳಿಯ ಹೊರಗೆ ಮೊಬೈಲ್ ಸಿಗ್ನಲ್ ಹೋಗಿ ಬರುತ್ತಿರುತ್ತದೆ, ರೂಟನ್ನು ಮೊದಲೇ ಇಳಿಸಿಕೊಳ್ಳಿ. ಕಾಗದದ ಮ್ಯಾಪ್ ಇಷ್ಟಪಡುವವರಿಗೆ ಓಎಸ್ ಎಕ್ಸ್‌ಪ್ಲೋರರ್ 171.

ಇನ್ನೊಂದು ತಕರಾರು ಕಾರಿನವರದ್ದು. ಒಂದೇ ಕಾರು ಹಿಡಿಸುವ ಇಂಥ ಗಲ್ಲಿಯಲ್ಲೂ ಕಾನೂನಿನ ವೇಗದ ಮಿತಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿಲೋಮೀಟರ್! ಬಹುತೇಕರು ನಿಧಾನ ಮಾಡುತ್ತಾರೆ, ಕೈ ಎತ್ತಿದರೆ ಅವರೂ ಕೈ ಎತ್ತುತ್ತಾರೆ. ಆದರೂ ತಿರುವಿನಲ್ಲಿ ಮಧ್ಯ ರಸ್ತೆಗೆ ಹೋಗಬೇಡಿ. ಕುದುರೆ ಕಂಡರೆ ದೂರದಿಂದಲೇ ಕೂಗಿ ಹೇಳಿ ಮೆಲ್ಲಗೆ ದಾಟಿ. ಕೊನೆಗೆ ಮಿಲ್ ಎಂಡ್‌ನಿಂದ ಹೆನ್ಲಿಗೆ ಬರುವ ಎ4155 ರಸ್ತೆಯಲ್ಲಿ ಟ್ರಾಫಿಕ್ ಜಾಸ್ತಿ, ಅದೊಂದೇ ಬೇಜಾರಿನ ತುಂಡು.

ಮೇ ತಿಂಗಳು ಬೆಸ್ಟ್, ಬೀಚ್ ಎಲೆ ಆಗಷ್ಟೇ ಚಿಗುರಿರುತ್ತದೆ. ಕಾರ್ ಇಲ್ಲದವರು ಟ್ವೈಫರ್ಡ್‌ನಲ್ಲಿ ಇಳಿದು ಹೆನ್ಲಿಯ ಪುಟ್ಟ ರೈಲು ಹಿಡಿಯಿರಿ. ಜೂನ್ ಕೊನೆ, ಜುಲೈ ಮೊದಲ ವಾರದ ರೆಗಾಟಾ (ದೋಣಿ ಪಂದ್ಯ) ಹೊತ್ತಿನಲ್ಲಿ ಮಾತ್ರ ಈ ಕಡೆ ಬರಲೇಬೇಡಿ, ರೈಲಿನಲ್ಲಿ ಟೋಪಿ ಹಾಕಿಕೊಂಡವರೇ ತುಂಬಿರುತ್ತಾರೆ, ಸೈಕಲ್ ಇಡೋಕೆ ಜಾಗ ಸಿಗುವುದಿಲ್ಲ.